ಹಿಜ್ಕೀಯ: ಬಲ ಯಾರದ್ದು?

ಕೇಳುಗರಿಗೆ ನಮಸ್ಕಾರ. ಬೈಬಲ್ ಓದುವವರಿಗೆ ಹಿಜ್ಕೀಯ ಅನ್ನೋ ಅರಸ ಗೊತ್ತು. ಕ್ರಿಸ್ತಪೂರ್ವ 8ನೇ ಶತಮಾನದ ಕೊನೆಯಲ್ಲಿ ಯೆಹೂದವನ್ನು ಆಳಿದವನು. ಆರಾಧನೆಯಲ್ಲಿ ಪಾಠ ಓದುವಾಗ ಈ ಹೆಸರು ಬಂದರೆ ಬೇಗ ಬೇಗ ದಾಟಿಬಿಡ್ತೀವಿ, ಅಲ್ವಾ? ದಯವಿಟ್ಟು ದಾಟಬೇಡಿ. ಅದರೊಳಗೆ ಒಂದು ಇಡೀ ವಾಕ್ಯ ಇದೆ.

ಹೀಬ್ರೂವಿನಲ್ಲಿ ಅವನು ಹಿಜ್ಕಿಯಾಹು. ‘ಹಜಕ್’ ಅಂದರೆ ಬಲ. ‘ಯಾಹು’ ಅನ್ನೋದು ಯೆಹೋವ ಎಂಬ ಹೆಸರಿನ ಚಿಕ್ಕ ರೂಪ. ಕೂಡಿಸಿ ನೋಡಿ: ಯೆಹೋವನು ಬಲ ಕೊಡುತ್ತಾನೆ. ಬಲ ಅರಸನದ್ದಲ್ಲ, ದೇವರದ್ದು. ಇದೊಂದು ನೆನಪಿಟ್ಟುಕೊಳ್ಳಿ, ಸಾಕು.

ಈಗ ನನಗೆ ಬಹಳ ಇಷ್ಟವಾದ ಸಂಗತಿ. 2009ರಲ್ಲಿ ಯೆರೂಸಲೇಮಿನ ದೇವಾಲಯದ ಗುಡ್ಡದ ದಕ್ಷಿಣ ಗೋಡೆಯ ಬುಡದಲ್ಲಿ ಐಲಾತ್ ಮಜಾರ್ ಎಂಬ ಪುರಾತತ್ವಜ್ಞೆ ಉತ್ಖನನ ನಡೆಸುತ್ತಿದ್ದರು. ಅಲ್ಲಿ ಹಳೇ ಕಟ್ಟಡದ ಪಕ್ಕ ಕಸ ಸುರಿದ ಜಾಗ. ಆ ಮಣ್ಣನ್ನು ನೀರಲ್ಲಿ ಜಾಲಿಸಿ ಜರಡಿ ಹಿಡಿದಾಗ ಒಂದು ಜೇಡಿಮಣ್ಣಿನ ಮುದ್ರೆ ಸಿಕ್ಕಿತು. ಎಷ್ಟು ದೊಡ್ಡದು ಅಂತೀರಿ? ಕಿರುಬೆರಳಿನ ಉಗುರಿನಷ್ಟು! ಅಕ್ಷರ ಸರಿಯಾಗಿ ಓದಲಾಗದೆ, ಬೇರೆ ಮುದ್ರೆಗಳ ಜೊತೆ ಎತ್ತಿಟ್ಟರು. ಅದು ಹಾಗೇ ವರ್ಷಗಟ್ಟಲೆ ಇತ್ತು. ಆಮೇಲೆ ತಂಡದ ಸಂಶೋಧಕಿಯೊಬ್ಬರು ಭೂತಗನ್ನಡಿ ಹಿಡಿದು ನೋಡಿದರೆ, ಅಕ್ಷರಗಳ ನಡುವೆ ಸಣ್ಣ ಚುಕ್ಕೆಗಳು. ಆ ಚುಕ್ಕೆಗಳಿಂದ ಪದ ಬಿಡಿಸಲು ದಾರಿಯಾಯಿತು. ‘ಯೆಹೂದದ ಅರಸ, ಆಹಾಜನ ಮಗ ಹಿಜ್ಕೀಯನದು’ ಅಂತ ಅದರಲ್ಲಿ ಬರೆದಿತ್ತು. 2015ರಲ್ಲಿ ಸುದ್ದಿ ಹೊರಗೆ ಬಂತು. ಮುದ್ರೆಯ ಮುಂದೆ ರೆಕ್ಕೆ ಇಳಿಬಿಟ್ಟ ಸೂರ್ಯ. ಹಿಂದೆ ದಾರದ ಗುರುತು. ಅದು ಪಪೈರಸ್ ಸುರುಳಿಯನ್ನು, ಅಂದರೆ ಜೊಂಡಿನಿಂದ ಮಾಡಿದ ಬರೆಯುವ ಹಾಳೆಯ ಸುರುಳಿಯನ್ನು, ಕಟ್ಟಿದ್ದ ದಾರ. ಅಂದರೆ ಅರಸನ ಮುದ್ರೆ ಬಿದ್ದ ಕಾಗದ ಹೋದಲ್ಲೆಲ್ಲ ಆ ವಾಕ್ಯವೂ ಹೋಗುತ್ತಿತ್ತು: ಬಲ ದೇವರದ್ದು.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡ್ತೀನಿ. ಎರಡನೇ ಪೂರ್ವಕಾಲವೃತ್ತಾಂತ ತೆಗೆಯಿರಿ. 29ನೇ ಅಧ್ಯಾಯದಲ್ಲಿ ಇವನು ದೇವಾಲಯದ ಬಾಗಿಲು ಸರಿಮಾಡಿಸುತ್ತಾನೆ. 32ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ದಂಡೆತ್ತಿ ಬಂದಾಗ, ಧೈರ್ಯವಾಗಿರಿ ಅಂತ ಜನರಿಗೆ ಹೇಳುತ್ತಾನೆ. ಎರಡೂ ಕಡೆ ಹೀಬ್ರೂವಿನಲ್ಲಿ ಅದೇ ‘ಹಜಕ್’! ಬಾಗಿಲನ್ನು ಬಲಪಡಿಸಿದ, ಜನರಿಗೆ ಬಲವಾಗಿರಿ ಅಂದ. ಅಲ್ಲೇ ಮುಂದಿನ ವಚನ ನೋಡಿ: ಶತ್ರುವಿಗಿರುವುದು ಬರೀ ಮನುಷ್ಯನ ತೋಳು, ನಮ್ಮ ಜೊತೆ ಯೆಹೋವನಿದ್ದಾನೆ ಅನ್ನುತ್ತಾನೆ. ತನ್ನ ಹೆಸರನ್ನೇ ಬಿಡಿಸಿ ಹೇಳಿದ ಹಾಗಾಯಿತು.

ಕ್ರಿಸ್ತಪೂರ್ವ 701ರ ಆ ದಂಡಯಾತ್ರೆಯನ್ನು ಸನ್ಹೇರೀಬನೂ ಮಣ್ಣಿನ ಪಟ್ಟಕದ ಮೇಲೆ ಬರೆಸಿದ. ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಅಂತ ಜಂಬ ಕೊಚ್ಚಿಕೊಂಡ. ಯೆರೂಸಲೇಮನ್ನು ಗೆದ್ದೆ ಅಂತ ಮಾತ್ರ ಬರೆಸಲಿಲ್ಲ.

ಆ 32ನೇ ಅಧ್ಯಾಯ ಇವತ್ತೇ ಓದಿ. ನಮಸ್ಕಾರ.