ಥ್ರಾಟಲ್ ಮ್ಯಾಲಿನ ಕೈ ತೆಗೀಬ್ಯಾಡ್ರಿ

ಎಲ್ಲರಿಗೂ ಶರಣು ಶರಣಾರ್ಥಿ. ಹಿಂದ ಕುಂತೋರಿಗಿ ಮೈಕ್ ಕೇಳ್ಲಕತ್ತದೇನ್ರಿ? ಹಾಂ, ಕೈ ಎತ್ತಿದ್ರು, ಛಲೋ ಆಯ್ತು.

ಚಾ ಕುಡಿಯೋ ಮುಂದ ಒಬ್ಬ ತಮ್ಮ ಕೇಳ್ದ, "ಕಾಕಾ, ಕಲಬುರಗಿಯಾಗ ಕುಂತು ಸಮುದ್ರದಾಗ ಬೋಟ್ ಹೆಂಗ ನಡಸೋದು ಅಂತ ಕೇಳಿ ನಾವೇನ್ ಮಾಡೋದು?" ಅಂತ. ಖರೇ ಅದ ಅವನ ಮಾತು. ಆದ್ರ ತಮ್ಮಾ, ಸಮುದ್ರದಾಗ ನಾಳಿ ಅಲೆ ಎಷ್ಟು ಎತ್ತರ ಏಳ್ತಾವ ಅಂತ ಇಡೀ ದೇಶಕ್ಕ ಹೇಳೋ ಇನ್‌ಕಾಯ್ಸ್ ಆಫೀಸ್ ಎಲ್ಲದ ಗೊತ್ತೇನು? ಹೈದರಾಬಾದ್‌ನಾಗ! ಮಲ್ಪೆ ಮೀನುಗಾರ ಮೊಬೈಲ್‌ನಾಗ ನೋಡೋ ಅಲೆ ಲೆಕ್ಕ ಹುಸೇನ್ ಸಾಗರದ ಊರಿಂದ ಬರ್ತದ. ಹಂಗಿದ್ಮ್ಯಾಲ ಭೀಮಾ ದಂಡಿಯವ ನಾ ನಾಲ್ಕು ಮಾತು ಹೇಳಿದ್ರ ತಪ್ಪೇನದ.

ಮತ್ತ ಡಿಸೆಂಬರ್ ರಜಾದಾಗ ಮಲ್ಪೆ, ಮುರ್ಡೇಶ್ವರ, ಗೋವಾ ಬೀಚ್ ಪಾರ್ಕಿಂಗ್ ನೋಡ್ರಿ, ಕೆಎ 32, ಕೆಎ 33, ಕೆಎ 38, ಅರ್ಧ ನಮ್ಮವೇ ಗಾಡಿ. ಬಾಡಿಗಿ ಬೋಟ್ ಹತ್ತತಾರ, ಲೈಫ್ ಜಾಕೆಟ್ ಕೊಟ್ರ ಅದರ ಮ್ಯಾಲ ಕುಂದರ್ತಾರ, ಸೆಲ್ಫಿ ಛಲೋ ಬರಂಗಿಲ್ಲಂತ! ಅದು ಒಂದು ಕಡಿ. ಇನ್ನೊಂದು, ಇಲ್ಲಿ ಮುಂದ ಕುಂತ ಹುಡುಗರು ಎಲ್ಲಾ ಈ ಮಳಿಗಾಲ ನೆರಿ ಕೆಲಸಕ್ಕ ಹೆಸರು ಕೊಟ್ಟೋರು. 2020ರ ಅಕ್ಟೋಬರ್‌ನಾಗ ಭೀಮಾ ಹೆಂಗ ಬಂತು ಅಂತ ಇವರಿಗಿ ನಾ ಹೇಳ್ಬೇಕಾಗಿಲ್ಲ. ಬೋಟ್ ಕಲ್ತಾರ, ಎಲ್ಲಿ ಕಲ್ತಾರ, ನಿಂತ ನೀರಾಗ. ನಿಂತ ನೀರಾಗ ಯಾರಾದ್ರೂ ಬೋಟ್ ನಡಸ್ತಾರ್ರಿ. ನೀರು ಎದ್ದು ನಿಂತ್ರ ಏನ್ ಮಾಡ್ತೀರಿ, ಅದು ನಂದು ಇವತ್ತಿನ ಮಾತು, ಅದನ್ನ ನಾನು ಸಮುದ್ರದಾಗೇ ಕಲ್ತದ್ದು, ಅದಕ್ಕೇ ಸಮುದ್ರದ ಕಥಿನೇ ಹೇಳ್ತೀನಿ.

ಗಾಳಿ ಎದ್ದು ಅಲೆ ದೊಡ್ಡವಾದ ಕೂಡ್ಲೇ ಹೊಸಬ ಎರಡರಾಗ ಒಂದು ಮಾಡ್ತಾನ. ಒಂದು, ಹೆದರಿ ಥ್ರಾಟಲ್, ಅಂದ್ರ ಇಂಜಿನ್ ಸ್ಪೀಡ್ ಏರಿಸಿ ಇಳಿಸೋ ಹಿಡಿಕಿ, ಪೂರಾ ಇಳಿಸಿಬಿಡ್ತಾನ. ಇಲ್ಲಾ, ಹೆದರಿ ಪೂರಾ ಎಳ್ದು ದಡದ ಕಡಿ ಓಡ್ತಾನ. ಎರಡೂ ಹೆದ್ರಿಕಿನೇ, ಎರಡೂ ಬೋಟ್ ಮುಳುಗಸ್ತಾವ.

ಇಳಿಸಿದವನ ಕಥಿ ಮೊದಲು. ಬೋಟಿನ ಹಿಂದ ಹೊರಗ ಸಿಗಿಸಿರ್ತಾರಲ್ಲ, ಅದೇ ಔಟ್‌ಬೋರ್ಡ್ ಇಂಜಿನ್. ಔಟ್‌ಬೋರ್ಡ್ ಇಂಜಿನ್‌ದಾಗ ಹ್ಯಾಂಡಲ್ ತಿರುಗಿಸಿದ್ರ ಬೋಟ್ ತಿರಗೋದು ನೀರೊಳಗಿನ ಫ್ಯಾನ್ ನೀರು ತಳ್ಳಿದ್ರ ಮಾತ್ರ. ತಳ್ಳೋದು ನಿಂತ್ರ ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ಖಾಲಿ-ಪೀಲಿ. ಎರಡು-ಮೂರು ಅಲೆ ಬರೋದ್ರಾಗ ಬೋಟ್ ತಾನೇ ಅಡ್ಡ ತಿರುಗ್ತದ, ಪಕ್ಕಿ ಅಲೆ ಕಡಿ ಮಾಡಿ ನಿಲ್ತದ, ಅಲೆ ಒಡೀತು ಅಂದ್ರ ಒಂದೇ ಏಟಿಗಿ ಮಗುಚ್ತದ. ಪೂರಾ ಎಳ್ದವನದ್ದು ಬ್ಯಾರೆ. ಅಲೆ ನೆತ್ತಿ ದಾಟಿ ಬೋಟ್ ಗಾಳ್ಯಾಗ ಹಾರ್ತದ, ಧಪ್ ಅಂತ ಬೀಳ್ತದ, ಒಳಗಿದ್ದೋರ ಬೆನ್ನು ಮುರೀತದ, ಫೈಬರ್ ಸೀಳ್ತದ. ಅದಕ್ಕೇ ನಾ ಹೋದಲ್ಲೆಲ್ಲಾ ಇದೊಂದೇ ಹೇಳ್ತೀನಿ, ಜನ ನಗ್ತಾರ, ಕಾಕಾಗ ಬ್ಯಾರೆ ಬರಂಗಿಲ್ಲ ಅಂತ: ಕೈ ಥ್ರಾಟಲ್ ಮ್ಯಾಲ ಇರ್ಲಿ. ಬ್ರೇಕ್ ಇಲ್ಲದ ಗಾಡಿ ಅದು. ಕಾರಿನ್ಯಾಗ ಹೈವೇ ಮ್ಯಾಲ ಕಾಲು ಒಂದೇ ಕಡಿ ಇಟ್ಟು ತಾಸುಗಟ್ಲೆ ಹೋಗ್ತೀವಿ, ಇಲ್ಲಿ ನಡ್ಯಂಗಿಲ್ಲ, ಪ್ರತಿ ಅಲೆಗೂ ಒಮ್ಮೆ ಏರಿಸ್ಬೇಕು ಒಮ್ಮೆ ಇಳಿಸ್ಬೇಕು.

ಎದುರಿಗಿ ಅಲೆ ಬರ್ಲಕತ್ರ ಮೂತಿ ನೆಟ್ಟಗ ಇಡಬ್ಯಾಡ್ರಿ, ಜರಾ ಓರೆ, 30ರಿಂದ 45 ಡಿಗ್ರಿ. ಏರೋ ಮುಂದ ಜರಾ ಎಳೀರಿ, ನೆತ್ತಿ ಬರೋದಕ್ಕ ಮೊದಲೇ ಇಳಸ್ರಿ, ಹಾರಬಾರ್ದು, ಜಾರಬೇಕು. ಕೆಳಗ ಬಂದ್ರಿ, ಮತ್ತ ಎಳೀರಿ. ತಿರುಗ್ಬೇಕಾದ್ರ ಅವಸರ ಮಾಡ್ಬ್ಯಾಡ್ರಿ. ದೊಡ್ಡ ಅಲೆ ಗುಂಪಿನ್ಯಾಗ ಬರ್ತಾವ, ಗುಂಪು ಹೋದ್ಮ್ಯಾಲ ಒಂದೀಟು ಸಮಾ ಆಗ್ತದ, ಆವಾಗ ಒಂದೇ ಸಲಕ್ಕ ತಿರುಗ್ರಿ.

ಹಾಂ, ಹೈದರಾಬಾದ್‌ನವರ ಲೆಕ್ಕದ್ದು ಒಂದು ಹೇಳದೇ ಬಿಟ್ಟಿದ್ದೆ. ಅಲೆ 2 ಮೀಟರ್ ಅಂತ ಬರ್ತದಲ್ಲ, ಅದು ಎಲ್ಲಾ ಅಲೆಗಳ ಲೆಕ್ಕ ಅಲ್ಲ, ದೊಡ್ಡ ಮೂರನೇ ಒಂದು ಪಾಲಿನ ಸರಾಸರಿ. ಅಂದ್ರ ನಡು ನಡು 4 ಮೀಟರ್ ಹತ್ರದ್ದು ಒಂದು ಬಂದೇ ಬರ್ತದ. 2 ಅಂದಾರ, 2 ನಾ ತಡ್ಕೋತೀನಿ ಅಂತ ಹೊಂಟವಂಗ 4 ಸಿಗ್ತದ.

ಈಗ ಗಂಗೊಳ್ಳಿ ಕಥಿ. ಸಂಘಟಕರು ಈಗೇ ಗಡಿಯಾರ ನೋಡ್ಲಕತ್ತಾರ, ನೋಡ್ಲಿ, ಇದು ಬಿಡಂಗಿಲ್ಲ ನಾ.

ಗಂಗೊಳ್ಳಿ ಅಂದ್ರ ಕುಂದಾಪುರದ ಬಾಜೂಕ, ಐದು ಹೊಳಿ ಕೂಡಿ ಸಮುದ್ರಕ್ಕ ಸೇರೋ ಅಳಿವೆ. ಮೇ ತಿಂಗಳು, ಮಧ್ಯಾಹ್ನ ಮೀರಿತ್ತು. ಸಣ್ಣ ಫೈಬರ್ ಬೋಟ್, ನಾವು ನಾಲ್ಕು ಮಂದಿ, ತಾಂಡೇಲ, ಅಂದ್ರ ಬೋಟ್ ನಡಸಾವ, ಭಾಳ ವಯಸ್ಸಾದವ, ಮಾತು ಕಡಿಮಿ. ನಮ್ಮ ಕಡಿಯವ ಶಹಾಪುರದ ಹುಡುಗ ಒಬ್ಬ ಇದ್ದ, ಅವಂದು ಮಾತೇ ಮಾತು. ಮುಗಿಲು ಕರ್ರಗಾಯ್ತು, ಗಾಳಿ ತಿರುಗ್ತು, ಅರ್ಧ ತಾಸಿನ್ಯಾಗ ಸಮುದ್ರ ಬ್ಯಾರೇನೇ ಆಯ್ತು. ಅಳಿವೆ ಬಾಗಿಲು ಎದುರಿಗೇ ಕಾಣ್ಲಕತ್ತದ, ಒಳಗ ನೀರು ಸಮಾ ಅದ, ದಡದ ಮ್ಯಾಲ ಜನ ಕಾಣ್ತಾರ, ಮನಿಯಾಗ ದೀಪ ಹಚ್ಚಿದ್ದು ಕಾಣ್ತದ. ನಡು ಮಾತ್ರ ಬೆಳ್ಳಗ ನೊರಿ. ಯಾಕಂದ್ರ ಇಳಿತ ನಡದಿತ್ತು, ಹೊಳಿ ನೀರು ಜೋರಾಗಿ ಹೊರಗ ಹರೀತದ, ಅಲೆ ಹೊರಗಿಂದ ಒಳಗ ಬರ್ತದ, ಎರಡೂ ಎದುರಾಬದುರಾ ಬಡಿದ್ರ ಅಲೆ ಒತ್ತೊತ್ತಾಗಿ ಗ್ವಾಡಿಗತೆ ನೆಟ್ಟಗ ನಿಂತು ಒಡೀತಾವ. ಕೆಳಗ ಮರಳು ದಿಬ್ಬ ಬ್ಯಾರೆ.

ತಾಂಡೇಲ ಏನ್ ಮಾಡ್ದ? ಬೋಟ್ ತಿರುಗಿಸಿ ಮೂತಿ ಸಮುದ್ರದ ಕಡಿ ಮಾಡ್ದ! ದಡಕ್ಕ ಬೆನ್ನು ಹಾಕಿ, ಥ್ರಾಟಲ್ ಇಷ್ಟೇ ಇಷ್ಟು ಹಿಡ್ಕೊಂಡು, ಅಲೆ ಒಡಿಯೋ ಜಾಗದಿಂದ ದೂರ ಅಲ್ಲೇ ನಿಂದ್ರಿಸಿದ. ಶಹಾಪುರದವ ಗಾಬರಿ ಬಿದ್ದು "ಅಜ್ಜಾ, ದಡಾ ಆ ಕಡಿ ಅದ, ಈ ಕಡಿ ಅರಬಸ್ತಾನ ಅದ" ಅಂದ. ಅಜ್ಜ ಮಾತಾಡ್ಲಿಲ್ಲ. ಹೊತ್ತು ಹೋಯ್ತು. ಇವ ಶುರು ಮಾಡ್ದ, "ಯಪ್ಪಾ ಶರಣಬಸಪ್ಪಾ, ದಂಡಿಗಿ ಮುಟ್ಸು, ತೇರಿಗಿ ಬಂದು ಉತ್ತತ್ತಿ ಹಾರಸ್ತೀನಿ", ಮೊದಲು ಒಂದು ಕಿಲೋ ಅಂದ, ಒಂದು ದೊಡ್ಡ ಅಲೆ ಬಂತು, ಐದು ಕಿಲೋ ಆಯ್ತು, ಕಡೀಕ ಒಂದು ಚೀಲಕ್ಕ ಬಂದು ನಿಂತ. ಹಾರಿಸಿದ್ನೋ ಇಲ್ಲೋ ನಂಗೊತ್ತಿಲ್ಲ, ಈ ಸಭಾದಾಗ ಇದ್ರ ಹೇಳ್ಲಿ.

ಇಳಿತ ಮುಗೀತು, ಭರತ ಶುರು ಆಯ್ತು, ನೀರು ಒಳಗ ಹರೀಲಕತ್ತು. ಅಲೆನೂ ಒಳಗ, ನೀರೂ ಒಳಗ, ಜಗಳ ಕಡಿಮಿ ಆಯ್ತು, ನೊರಿ ತೆಳ್ಳಗಾಯ್ತು. ಅಜ್ಜ ದೊಡ್ಡ ಗುಂಪು ಹೋಗ್ಲಿ ಅಂತ ಬಿಟ್ಟ, ಒಂದು ಅಲೆ ಆರಿಸ್ಕೊಂಡ, ಅದರ ಬೆನ್ನ ಮ್ಯಾಲ ಬೋಟ್ ತಂದು ಕುಂಡ್ರಿಸಿದ, ಅದು ಹೋದಷ್ಟೇ ಸ್ಪೀಡಿಗಿ ಹೋದ. ಮುಂದ ದಾಟ್ಲಿಲ್ಲ, ಹಿಂದಿನ ಅಲೆ ಕೈಗೂ ಸಿಗ್ಲಿಲ್ಲ. ಕಣ್ಣು ಒಂದು ಹಿಂದ ಒಂದು ಮುಂದ, ಕೈ ಥ್ರಾಟಲ್ ಮ್ಯಾಲ. ಒಳಗ ಬಂದ ಮ್ಯಾಲ ಅಜ್ಜ ಅಂದಿದ್ದು ಒಂದೇ ಮಾತು, "ಹಸಿವಾಯ್ತು".

ಹಿಂದಿಂದ ಬರೋ ಅಲೆನೇ ಎದುರಿನದಕ್ಕಿಂತ ಖತರ್ನಾಕ್, ಇದು ಜನಕ್ಕ ತಿಳ್ಯಂಗಿಲ್ಲ, ಯಾಕಂದ್ರ ನೀರು ಬಡಿಯಂಗಿಲ್ಲ, ಆರಾಮ ಅನಸ್ತದ. ಹೇರು ತುಂಬಿದ ಬಂಡಿ ಇಳಿಜಾರಿನ್ಯಾಗ ಎತ್ತಿನ ಮ್ಯಾಲ ಹೋಗಿ ಬೀಳ್ತದಲ್ಲ, ಹಂಗ ಅಲೆ ಹಿಂಭಾಗ ಎತ್ತಿ ತಳ್ತದ, ಮೂತಿ ಮುಂದಿನ ಅಲೆಯಾಗ ಹೂತು ಬೋಟ್ ಗರ್ ಅಂತ ಅಡ್ಡ ತಿರುಗ್ತದ. ನೆತ್ತಿ ದಾಟಿ ಮುಂದ ಹಾರಿದ್ರ ಅದೇ ಗತಿ. ಭಾಳ ನಿಧಾನ ಹೋದ್ರ ಹಿಂದಿನ ಅಲೆ ಇಂಜಿನ್ ಮ್ಯಾಲಿಂದ ಒಳಗೇ ಸುರೀತದ. ಮತ್ತ ಥ್ರಾಟಲ್ಲೇ ಬಂತು ನೋಡ್ರಿ, ನಾ ಏನ್ ಮಾಡ್ಲಿ.

ಇನ್ನ ಭಾರ. ಎಲ್ಲರೂ ಕೆಳಗ, ನಡು, ಕುಂತು. ಒಬ್ಬನೂ ನಿಂದ್ರಬಾರ್ದು. ಒಳಗ ನೀರು ಬಂದ್ರ ಅವಾಗಿಂದ್ವಾಗ ಹೊರಗ ಚೆಲ್ರಿ, 100 ಲೀಟರ್ ಅಂದ್ರ 100 ಕಿಲೋ, ಬೋಟ್ ವಾಲಿದ ಕಡಿನೇ ಅದೂ ಓಡ್ತದ. 2019ರ ಜನವರಿ 21, ಕಾರವಾರದ ಕೂರ್ಮಗಡ ಜಾತ್ರಿಯಿಂದ ಬರೋ ಬೋಟ್ ಮಗುಚಿ 16 ಜನ ಹೋದ್ರು. ಹೆಚ್ಚು ಮಂದಿ ತುಂಬಿದ್ರು, ಅಲೆ ಎದ್ದಿತ್ತು. ನೆರಿ ಊರಾಗ ನಿಮಗೂ ಹಿಂಗೇ ಆಗ್ತದ, "ಅಣ್ಣಾ ನನ್ನೊಬ್ಬನ್ನ ಹತ್ತಿಸ್ಕೋ" ಅಂತಾರ, ನಿಮ್ಮ ಮಾಮಾನೇ ಇರ್ತಾನ ಅಲ್ಲಿ. ಇನ್ನೊಂದು ಟ್ರಿಪ್ ಬರ್ತೀನಿ ಮಾಮಾ ಅನ್ರಿ. ಸಿಟ್ಟಾದ್ರ ಆಗ್ಲಿ.

ಹಾಂ ಹಾಂ, ಚೀಟಿ ಬಂತು, ಐದು ಮಿನಿಟ್. ಇನ್ನೂ ಅರ್ಧ ಉಳ್ದದ, ಓಡಸ್ತೀನಿ.

ಕಿಲ್ ಸ್ವಿಚ್ ದಾರ ಮಣಿಕಟ್ಟಿಗಿ ಕಟ್ರಿ, ನೀವು ಬಿದ್ರ ಇಂಜಿನ್ ಬಂದ್ ಆಗ್ಬೇಕು, ಇಲ್ಲಂದ್ರ ಬೋಟ್ ಸುತ್ತು ಹೊಡ್ಕೊಂಡು ನಿಮ್ಮ ಮ್ಯಾಲೇ ಬರ್ತದ. ಪೆಟ್ರೋಲ್ ಮೂರು ಪಾಲು: ಹೋಗ್ಲಕ ಒಂದು, ಬರ್ಲಕ ಒಂದು, ಮುಟ್ಟದೇ ಇಡ್ಲಕ ಒಂದು. ಅಲೆಯಾಗ ಟ್ಯಾಂಕಿನ ತಳದ ಕಸ ಎದ್ದು ಫಿಲ್ಟರ್ ಕಟ್ತದ, ಇಂಜಿನ್ ನಿಲ್ಲೋದು ಅಂಥಾ ಹೊತ್ತಿನ್ಯಾಗೇ. ನಿಂತ್ರ ಲಂಗರು ಮುಂದಿಂದ ಬಿಡ್ರಿ, ಹಿಂದಿಂದ ಎಂದೂ ಬ್ಯಾಡ. ತಳ ಸಿಗಂಗಿಲ್ಲ ಅಂದ್ರ ಹಗ್ಗಕ್ಕ ಬಕೆಟ್ ಕಟ್ಟಿ ಮೂತಿಯಿಂದ ಬಿಡ್ರಿ, ಮೂತಿ ಅಲೆ ಕಡಿ ನಿಲ್ತದ. ಸಮುದ್ರದಾಗ ಕೋಸ್ಟ್ ಗಾರ್ಡ್ ನಂಬರ್ 1554, ವಿಎಚ್ಎಫ್ ರೇಡಿಯೋ ಇದ್ರ ಚಾನೆಲ್ 16. ಇಲ್ಲಿ 112.

ಭೀಮಾದಾಗ ಫರಕ್ ಏನು? ಅಲೆಗಿಂತ ಸೆಳವು ಹೆಚ್ಚು, ನೀರೊಳಗ ಬೇಲಿ, ಕರೆಂಟ್ ವೈರ್, ಜಾಲಿ ಗಿಡ. ಜನರ ಹತ್ರ ಹೋಗೋ ಮುಂದ ಕೆಳಗಿಂದ, ಮೂತಿ ಮ್ಯಾಲಿನ ಸೆಳವಿನ ಕಡಿ ಇಟ್ಟು ಹೋಗ್ರಿ. ಮಣ್ಣಿನ ಮನಿ ಬಾಜೂಕ ಜೋರಾಗಿ ಹೋಗಬ್ಯಾಡ್ರಿ, ನಿಮ್ಮ ಬೋಟಿನ ಅಲೆಗೇ ಗ್ವಾಡಿ ಕುಸೀತದ. ನೀರಾಗ ಬಿದ್ದವನ ಹತ್ರ ಬಂದಾಗ ಮಾತ್ರ ನ್ಯೂಟ್ರಲ್, ಫ್ಯಾನ್ ತಿರುಗಬಾರ್ದು, ಅದೊಂದು ಕಡಿ ಬಿಟ್ಟು... ಹಾಂ, ಗೊತ್ತಾಯ್ತಲ್ಲ, ನಗ್ಲಕತ್ರಿ.

ಟ್ರಿಮ್, ಅಂದ್ರ ಇಂಜಿನ್ ಜರಾ ವಾಲಿಸಿ ಮೂತಿ ಏರಿಸೋದು ಇಳಿಸೋದು, ಅದರ ಬಗ್ಗೆ ಹೇಳ್ಬೇಕಿತ್ತು, ಟೈಮ್ ಇಲ್ಲ. ಎದುರು ಅಲೆಗಿ ಮೂತಿ ಜರಾ ತಗ್ಗಸ್ರಿ, ಹಿಂದಿನ ಅಲೆಗಿ ಜರಾ ಎತ್ರಿ, ಉಳಿದದ್ದು ಬೋಟ್ ಮುಂದೇ ತೋರಸ್ತೀನಿ. ಹೊರಗ ಟ್ರಾಲಿ ಮ್ಯಾಲ ನಿಂತದ, ಬರ್ರಿ. ಒಬ್ಬೊಬ್ಬರೂ ಜಾಕೆಟ್ ಹಾಕೊಂಡು ಬರ್ಬೇಕು, ತೊಡಿ ಸಂದಿ ಪಟ್ಟಿ ಬಿಗಿದು, ಬಿಟ್ರ ನೀರಾಗ ಜಾಕೆಟ್ ತಲಿ ಮ್ಯಾಲಿಂದ ಕಳಚಿ ಹೋಗ್ತದ. ಊಟ ಆಮ್ಯಾಲ.