ಹೊಸ ಊರು, ಬಿಡುವಿನ ಸಂಜೆ, ಒಂದು ಸಿನಿಮಾ

ಕೇಳುಗರೆಲ್ಲರಿಗೂ ನಮಸ್ಕಾರ. ವರ್ಗವಾಗಿ ಬಂದು ಚಿತ್ರದುರ್ಗದಲ್ಲಿ ಬಾಡಿಗೆ ಕೋಣೆ ಹಿಡಿದಿರುವ ನೌಕರರು, ಓದಲೆಂದು ದಾವಣಗೆರೆಗೆ ಬಂದು ಹಾಸ್ಟೆಲ್ ಸೇರಿರುವ ವಿದ್ಯಾರ್ಥಿಗಳು, ಮದುವೆಯಾಗಿ ಈ ಸೀಮೆಗೆ ಬಂದಿರುವ ಹೆಣ್ಣುಮಕ್ಕಳು, ಇವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ಹೊತ್ತು ಮಾತನಾಡುತ್ತಿದ್ದೇನೆ. ಪರಿಚಯದವರಿಲ್ಲದ ಊರಿನಲ್ಲಿ ಸಂಜೆ ಆರು ಗಂಟೆಯ ನಂತರದ ಹೊತ್ತು ಎಷ್ಟು ಉದ್ದವಾಗಿರುತ್ತದೆಂಬುದು ನಿಮಗೆ ಗೊತ್ತಿದೆ. ಆಗ ಹೆಚ್ಚಿನವರು ಸಿನಿಮಾ ನೋಡುತ್ತಾರೆ. ಧಾರಾಳವಾಗಿ ನೋಡಿ. ನನ್ನ ಕೋರಿಕೆ ಒಂದೇ: ನೋಡಿದ ಮೇಲೆ ಅದರ ಬಗ್ಗೆ ಈ ಊರಿನವರೊಬ್ಬರ ಜೊತೆ ಮಾತನಾಡಿ.

ನಾನು 1984ರಲ್ಲಿ ಶಿರಸಿಯ ಕಡೆಯಿಂದ ಚಿತ್ರದುರ್ಗಕ್ಕೆ ಕಾಲೇಜು ಅಧ್ಯಾಪಕನಾಗಿ ಬಂದೆ. ಮಳೆ, ಅಡಿಕೆ ತೋಟ, ಹಸಿರು ಇವನ್ನೇ ನೋಡಿ ಬೆಳೆದ ಕಣ್ಣಿಗೆ ಇಲ್ಲಿಯ ಬಂಡೆಗಳು ಬರಿಯ ಬಂಡೆಗಳಾಗಿ ಮಾತ್ರ ಕಂಡವು. ಮೊದಲ ಮೂರು ತಿಂಗಳು ವಾರಕ್ಕೆ ಮೂರು ಸಿನಿಮಾಗಳನ್ನು ಒಬ್ಬನೇ ಹೋಗಿ ನೋಡಿದೆ. ಒಬ್ಬನೇ ಕೋಣೆಗೆ ಮರಳಿ ದೀಪ ಆರಿಸಿ ಮಲಗಿದೆ. ಆ ಚಿತ್ರಗಳಲ್ಲಿ ಒಂದರ ಕಥೆಯೂ ಇಂದು ನನ್ನ ನೆನಪಿನಲ್ಲಿ ಉಳಿದಿಲ್ಲ.

ಅನಂತರ ಒಂದು ಶನಿವಾರ, ಮರುಬಿಡುಗಡೆಯಾಗಿದ್ದ ‘ನಾಗರಹಾವು’ ಚಿತ್ರಕ್ಕೆ ಹೋದೆ. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಇದೇ ದುರ್ಗದಲ್ಲಿ ಚಿತ್ರೀಕರಿಸಿ, 1972ರಲ್ಲಿ ತೆರೆಗೆ ತಂದ ಚಿತ್ರ ಅದು. ವಿಷ್ಣುವರ್ಧನ್ ಅವರು ಮೊದಲ ಬಾರಿಗೆ ನಾಯಕರಾದದ್ದು ಅದರಲ್ಲಿಯೇ. ನನ್ನ ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ದರ್ಜಿಯೊಬ್ಬರು ಕುಳಿತಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು, ತೆಗೆದಿಡಲು ಮರೆತು ಬಂದಿದ್ದರು. ತೆರೆಯ ಮೇಲೆ ಒಂದೊಂದು ಬಂಡೆ ಬಂದಾಗಲೂ ಅವರು ಮೊಣಕೈಯಿಂದ ನನ್ನನ್ನು ಮೆಲ್ಲನೆ ತಿವಿದು, ಅದು ಕೋಟೆಯ ಯಾವ ಭಾಗವೆಂದು ಹೇಳುತ್ತಿದ್ದರು. ಒನಕೆ ಓಬವ್ವನಾಗಿ ಜಯಂತಿಯವರು ಕಾಣಿಸಿಕೊಂಡ ಹಾಡು ಬಂದಾಗ ಮಾತ್ರ ಅವರು ಸುಮ್ಮನಾದರು. ಚಿತ್ರ ಮುಗಿದ ಮೇಲೆ ನಾನು ಪರವೂರಿನವನೆಂದು ತಿಳಿದು, “ಮೇಷ್ಟ್ರೇ, ಮೂರು ತಿಂಗಳಾಯ್ತು ಅಂತೀರಿ, ಇನ್ನೂ ಕಿಂಡಿ ನೋಡಿಲ್ವಾ? ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ, ನಾನೇ ತೋರಿಸ್ತೀನಿ” ಎಂದರು.

ಮರುದಿನ ಬಿಸಿಲೇರುವ ಮೊದಲೇ ಇಬ್ಬರೂ ಬೆಟ್ಟ ಹತ್ತಿದೆವು. ಓಬವ್ವನ ಕಿಂಡಿಯ ಮುಂದೆ ಅವರು ನನ್ನನ್ನು ನಿಲ್ಲಿಸಿ, ತಲೆ ತಗ್ಗಿಸಿ ಮೈಯನ್ನು ಓರೆ ಮಾಡಿಕೊಂಡು ನುಸುಳಲು ಹೇಳಿದರು. ನುಸುಳಿದಾಗ ಭುಜಕ್ಕೆ ಎರಡು ಕಡೆಯಿಂದಲೂ ಕಲ್ಲು ತಾಗಿತು. ತಲೆ ಮೊದಲು ಹೊರಬರುತ್ತದೆ, ಕೈ ಎತ್ತಲು ಜಾಗವಿರುವುದಿಲ್ಲ. ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ ಪಕ್ಕದ ತಣ್ಣೀರು ದೋಣಿ ಎಂಬ ಪುಟ್ಟ ಕೊಳಕ್ಕೆ ನೀರಿಗೆಂದು ಬಂದ ಹೆಣ್ಣುಮಗಳೊಬ್ಬಳು, ಕೈಗೆ ಸಿಕ್ಕ ಒನಕೆಯಿಂದಲೇ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಹೊಡೆದು ಕೆಡಹಿದ್ದು ಹೇಗೆಂಬುದು, ಹಿಂದಿನ ದಿನ ಹಾಡು ನೋಡಿದಾಗ ಅರ್ಥವಾಗದಿದ್ದದ್ದು, ಆ ಕ್ಷಣದಲ್ಲಿ ನನ್ನ ಭುಜಕ್ಕೆ ಅರ್ಥವಾಯಿತು.

ಕೆಳಗಿಳಿಯುವಾಗ ಅವರು ನನ್ನನ್ನೊಂದು ಪ್ರಶ್ನೆ ಕೇಳಿದರು. ಚಿತ್ರೀಕರಣದ ದಿನಗಳಲ್ಲಿ ಅಂಗಡಿಯ ಬಾಗಿಲು ಹಾಕಿ ಬಂದು ನಿಂತು ನೋಡಿದ್ದರಂತೆ. ಆಗ ನಾಯಕ ನಾಯಕಿಯರು ಸಾಮಾನ್ಯವಾಗಿಯೇ ಓಡುತ್ತಿದ್ದರು, ತೆರೆಯ ಮೇಲೆ ಗಾಳಿಯಲ್ಲಿ ತೇಲಿದಂತೆ ಕಂಡದ್ದು ಹೇಗೆ? ಹನ್ನೆರಡು ವರ್ಷ ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದರು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ, ಕ್ಯಾಮೆರಾದಲ್ಲಿ ಸೆಕೆಂಡಿಗೆ 48 ಚಿತ್ರ ತೆಗೆದು ಅದನ್ನೇ 24ರ ವೇಗದಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಓಟ ಎರಡು ಸೆಕೆಂಡು ಹಿಡಿಯುತ್ತದೆ ಎಂದು ನಾನು ಹೇಳಿದೆ. ಅವರು ಬಂಡೆಯ ಮೇಲೆ ಕುಳಿತೇಬಿಟ್ಟರು. ಕೊರಳಿನ ಟೇಪನ್ನು ಬಿಚ್ಚಿ, ಎರಡು ಕೈಗಳಲ್ಲಿ ಹಿಡಿದು, ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ ಎಳೆದು ನೋಡಿದರು. “ಬಟ್ಟೆ ಅಷ್ಟೇ, ಹೊಲಿಗೆ ಜಾಸ್ತಿ” ಎಂದರು. ಕ್ಯಾಮೆರಾದ ಆ ಕೆಲಸವನ್ನು ಅಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ಇಂದಿಗೂ ಕಂಡಿಲ್ಲ.

ಅಂದಿನಿಂದ ದುರ್ಗ ನನ್ನ ಊರಾಯಿತು. ಅವರ ಅಂಗಡಿಯ ಬೆಂಚಿನ ಮೇಲೆ ಪ್ರತಿ ಭಾನುವಾರ ಚಿತ್ರದ ಮಾತು, ಅಲ್ಲಿಗೆ ಬರುವವರ ಪರಿಚಯ, ಅವರ ಮನೆಯ ಊಟ. ಒಂದು ಸಿನಿಮಾ ಇಷ್ಟು ಕೊಟ್ಟಿತು, ಏಕೆಂದರೆ ಅದರ ಬಗ್ಗೆ ನಾವಿಬ್ಬರು ಮಾತನಾಡಿದೆವು.

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಮಲೆನಾಡಿನ ಹಳ್ಳಿಯ ಜನರಿಗೆ ಪ್ರಪಂಚದ ದೊಡ್ಡ ಚಿತ್ರಗಳನ್ನು ತೋರಿಸಿದಾಗಲೂ ಬಲವಾಗಿ ನೆಚ್ಚಿದ್ದು ನೋಡಿದ ನಂತರದ ಮಾತುಕತೆಯನ್ನೇ. ಇದರ ಬಗ್ಗೆ ಇನ್ನೂ ಹೇಳಬೇಕಿತ್ತು, ಸಮಯ ಕಡಿಮೆಯಿದೆ.

ರಾತ್ರಿ ಹೊದಿಕೆಯೊಳಗೆ ಮೊಬೈಲು ಹಿಡಿದು, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಒತ್ತುವ ಅಭ್ಯಾಸದ ಬಗ್ಗೆ ನೇರವಾಗಿಯೇ ಹೇಳುತ್ತೇನೆ: ಅದನ್ನು ಬಿಡಿ. ವಾರಕ್ಕೆ ಒಂದೇ ಚಿತ್ರ ಸಾಕು, ಪೂರ್ತಿ ನೋಡಿ. ದಾವಣಗೆರೆಯ ವಿದ್ಯಾರ್ಥಿಗಳೇ, ಚಿತ್ರಮಂದಿರದಿಂದ ಹೊರಬಂದು ಬೆಣ್ಣೆದೋಸೆಯ ಹೋಟೆಲಿನಲ್ಲಿ ಕುಳಿತಾಗ ಮೇಜಿನ ಎದುರಿನಲ್ಲಿ ಈ ಊರಿನ ಸಹಪಾಠಿ ಇರಲಿ. ಕನ್ನಡ ಬಾರದವರು ಅಡಿಬರಹವಿರುವ ಕನ್ನಡ ಚಿತ್ರವನ್ನೇ ಆರಿಸಿ, ತಿಳಿಯದ ಮಾತನ್ನು ಮೆಸ್ಸಿನಲ್ಲಿ ಬಡಿಸುವವರ ಹತ್ತಿರ ಕೇಳಿ. ಮದುವೆಯಾಗಿ ಬಂದಿರುವ ಹೆಣ್ಣುಮಕ್ಕಳು ಟಿ.ವಿ.ಯಲ್ಲಿ ಹಳೆಯ ಚಿತ್ರ ಬಂದಾಗ ಅತ್ತೆಯವರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ಮಧ್ಯಂತರದೊಳಗೆ ಅವರು ತಮ್ಮ ಕಾಲದ ಕಥೆ ತೆಗೆಯುತ್ತಾರೆ.

ಮಾತು ಹೇಗೆ ಆರಂಭಿಸುವುದೆಂದು ಸಂಕೋಚಪಡುವವರು ಇಂದು ರಾತ್ರಿಯೇ ನಿಮ್ಮ ಮನೆಯ ಮಾಲೀಕರನ್ನು ಒಂದು ಪ್ರಶ್ನೆ ಕೇಳಿ: “ಈ ಊರಿನಲ್ಲಿ ನೀವು ಟಾಕೀಸಿಗೆ ಹೋಗಿ ನೋಡಿದ ಮೊದಲ ಸಿನಿಮಾ ಯಾವುದು, ಯಾರ ಜೊತೆ ಹೋಗಿದ್ದಿರಿ?” ಕೇಳಿದ ಮೇಲೆ ಅವಸರ ಮಾಡಬೇಡಿ, ಅವರು ಕುರ್ಚಿ ಎಳೆದುಕೊಳ್ಳುತ್ತಾರೆ. ನಮಸ್ಕಾರ.