ಕರೆಂಟ್ ಹೋದರೆ ಡಿಸ್ಕ್ ಮರೆಯುತ್ತದೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ದಾವಣಗೆರೆಯ ಮಂಡಿಪೇಟೆ ಅಂಗಡಿಗಳಲ್ಲೋ ಅಕ್ಕಿ ಗಿರಣಿಯ ಆಫೀಸಿನಲ್ಲೋ ಕಂಪ್ಯೂಟರ್ ನೋಡಿಕೊಳ್ಳುವವರು. ಹಳೇ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿ ಬ್ಯಾಕಪ್ಪಿಗೆ ಇಟ್ಟುಕೊಂಡಿರುತ್ತೀರಿ. ಅದರೊಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಈ ಮಾತು ನಿಮಗೆ. ಎಸ್‌ಎಸ್‌ಡಿ ಇದ್ದವರು ಹೊರಗೆ ಹೋಗಿ ಚಹಾ ಕುಡಿದು ಬರಬಹುದು.

ಸುಮ್ಮನಿದ್ದ ಲ್ಯಾಪ್‌ಟಾಪಿಗೆ ಕಿವಿಗೊಡಿ. ಆಗಾಗ 'ಟಕ್' ಅನ್ನುತ್ತದೆ. ಕರೆಂಟ್ ಉಳಿಸಲು ಡಿಸ್ಕ್ ತನ್ನ ಓದುವ-ಬರೆಯುವ ಹೆಡ್ಡನ್ನು ಬದಿಗೆ ಇಡುವ ಸದ್ದು ಅದು. ಅರ್ಧ ನಿಮಿಷಕ್ಕೊಮ್ಮೆ ಹೀಗಾದರೆ ಗಂಟೆಗೆ 120, ಹತ್ತು ಗಂಟೆ ಅಂಗಡಿಗೆ 1,200. ಲ್ಯಾಪ್‌ಟಾಪ್ ಡಿಸ್ಕುಗಳಿಗೆ ಸಾಮಾನ್ಯವಾಗಿ ಕಂಪನಿಗಳು ಹೇಳುವ ಮಿತಿ 6 ಲಕ್ಷ. ಅಂದರೆ 500 ದಿನದ ಲೆಕ್ಕ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ತೋರಿಸುವ ಪಟ್ಟಿಯಲ್ಲಿ 193 ಎಂಬ ನಂಬರಿನ ಸಾಲು, ಲೋಡ್ ಸೈಕಲ್ ಕೌಂಟ್, ಇದನ್ನೇ ಎಣಿಸುತ್ತಿರುತ್ತದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ಇದಕ್ಕೆ ಮದ್ದು ಎಚ್‌ಡಿಪಾರ್ಮ್, ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಕಮಾಂಡ್. ಸುಡೊ ಎಚ್‌ಡಿಪಾರ್ಮ್, ಅಡ್ಡಗೆರೆ, ದೊಡ್ಡಕ್ಷರದ ಬಿ, 254, ಕೊನೆಗೆ ಡಿಸ್ಕಿನ ಹೆಸರು. ಆ ಸಂಖ್ಯೆ 1ರಿಂದ 127ರವರೆಗೆ ಇದ್ದರೆ ಡಿಸ್ಕ್ ತಿರುಗುವುದನ್ನೇ ನಿಲ್ಲಿಸಬಹುದು. 128ರಿಂದ 254ರವರೆಗೆ ನಿಲ್ಲಿಸುವಂತಿಲ್ಲ. 255 ಕೊಟ್ಟರೆ ಎಪಿಎಂ ಎಂಬ ಈ ಕರೆಂಟ್ ಉಳಿಸುವ ವ್ಯವಸ್ಥೆಯನ್ನೇ ಆರಿಸಿದಂತೆ, ಆದರೆ ಎಲ್ಲ ಡಿಸ್ಕೂ ಅದನ್ನು ಒಪ್ಪುವುದಿಲ್ಲ. ಹಾಗಾಗಿ 254 ಸಾಕು.

ಸದ್ದು ನಿಂತಿತು ಅಂತ ಎದ್ದು ಹೋಗಬೇಡಿ. ಈ ಸಂಖ್ಯೆಯನ್ನು ಬಹುತೇಕ ಡಿಸ್ಕುಗಳು ಕರೆಂಟ್ ಇರುವ ತನಕ ಮಾತ್ರ ನೆನಪಿಟ್ಟುಕೊಳ್ಳುತ್ತವೆ. ಆಫ್ ಮಾಡಿ ಆನ್ ಮಾಡಿದರೆ ಹಳೇ ಚಾಳಿ. ಸಸ್ಪೆಂಡಿನಿಂದ ಎದ್ದಾಗಲೂ ಅಷ್ಟೇ. ಅಲ್ಲೂ ಡಿಸ್ಕಿಗೆ ಕರೆಂಟ್ ತಪ್ಪಿರುತ್ತದೆ. ಬೂಟ್ ಆಗುವಾಗ ಮಾತ್ರ ಓಡುವ ಸ್ಕ್ರಿಪ್ಟ್ ಬರೆದವರು ಸೋಲುವುದು ಇಲ್ಲೇ.

ಉಬುಂಟು, ಡೆಬಿಯನ್ ಆದರೆ ಕೆಲಸ ಸಲೀಸು. ಇಟಿಸಿ ಫೋಲ್ಡರಿನ ಎಚ್‌ಡಿಪಾರ್ಮ್ ಡಾಟ್ ಕಾನ್ಫ್ ಫೈಲಿನ ಕೊನೆಗೆ ಡಿಸ್ಕಿನ ಹೆಸರು, ಹೂಬ್ರಾಕೆಟ್, ಒಳಗೆ 'ಎಪಿಎಂ = 254', ಮತ್ತೆ ಬ್ರಾಕೆಟ್ ಮುಚ್ಚಿ. ಸಮ ಚಿಹ್ನೆಯ ಎರಡೂ ಬದಿ ಜಾಗ ಬಿಡಿ. ಡಿಸ್ಕ್ ಕಾಣಿಸಿಕೊಂಡ ಕೂಡಲೇ, ಸಸ್ಪೆಂಡಿನಿಂದ ಎದ್ದಾಗಲೂ, ಆ ಪ್ಯಾಕೇಜೇ ಇದನ್ನು ಓದಿ ಹಚ್ಚುತ್ತದೆ.

ಹೆಸರಿನಲ್ಲಿ ಮೋಸ ಹೋಗುವವರು ಬಹಳ. ಎಸ್‌ಡಿಎ, ಎಸ್‌ಡಿಬಿ ಅನ್ನುವುದು ಬಸ್ಸಿನ ಸೀಟಿದ್ದಂತೆ, ಮೊದಲು ಬಂದವರಿಗೆ ಮೊದಲ ಜಾಗ. ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಬೂಟ್ ಮಾಡಿದ ದಿನ ನಿಮ್ಮ ಆಜ್ಞೆ ಇನ್ಯಾರದೋ ತಲೆ ಮೇಲೆ. ಡೆವ್ ಫೋಲ್ಡರಿನೊಳಗೆ 'ಡಿಸ್ಕ್' ಅನ್ನುವ ಫೋಲ್ಡರ್, ಅದರೊಳಗೆ 'ಬೈ-ಐಡಿ'. ಅಲ್ಲಿ ಮಾಡೆಲ್, ಸೀರಿಯಲ್ ನಂಬರ್ ಸೇರಿದ ಉದ್ದ ಹೆಸರಿದೆ. ಅದನ್ನೇ ಬಳಸಿ. ಪಾರ್ಟ್1, ಪಾರ್ಟ್2 ಅಂತ ಕೊನೆಯಾಗುವುದು ಬೇಡ, ಅದು ಪಾರ್ಟಿಷನ್.

ಬೇರೆ ಲಿನಕ್ಸ್‌ಗಳಲ್ಲಿ, ಕೆಲಸಗಳನ್ನು ತಾನಾಗಿ ಓಡಿಸುವ ಸಿಸ್ಟಮ್‌ಡಿಗೆ ಒಂದು ಸರ್ವಿಸ್ ಫೈಲ್ ಬರೆಯಿರಿ. ಟೈಪ್ ಒನ್‌ಶಾಟ್, ಆಫ್ಟರ್ ಸಾಲಿನಲ್ಲಿ ಸಸ್ಪೆಂಡ್ ಟಾರ್ಗೆಟ್, ವಾಂಟೆಡ್‌ಬೈ ಸಾಲಿನಲ್ಲಿ ಮಲ್ಟಿ-ಯೂಸರ್ ಟಾರ್ಗೆಟ್ ಜೊತೆ ಸಸ್ಪೆಂಡ್ ಟಾರ್ಗೆಟ್. ಎಚ್‌ಡಿಪಾರ್ಮ್‌ಗೆ ಪೂರ್ತಿ ಪಾತ್ ಕೊಡಿ. 'ರಿಮೇನ್ ಆಫ್ಟರ್ ಎಕ್ಸಿಟ್' ಅನ್ನು 'ಯೆಸ್' ಮಾಡಬೇಡಿ. ಮಾಡಿದರೆ ಸರ್ವಿಸ್ ಇನ್ನೂ ಓಡುತ್ತಿದೆ ಎಂದೇ ಸಿಸ್ಟಮ್ ತಿಳಿಯುತ್ತದೆ, ಎದ್ದ ಮೇಲೆ ಮತ್ತೆ ಓಡಿಸುವುದಿಲ್ಲ. ಕೊನೆಗೆ ಎನೇಬಲ್ ಮಾಡಿ, ಮರೆಯುವವರು ಇದ್ದಾರೆ.

ವಾರಕ್ಕೊಮ್ಮೆ ಮುಟ್ಟುವ ಬ್ಯಾಕಪ್ ಡಿಸ್ಕ್ ಮಾತ್ರ ಬೇರೆ. ಅದು ನಿದ್ದೆ ಮಾಡಲಿ. ಎಚ್‌ಡಿಪಾರ್ಮ್‌ಗೆ ಬಿ ಬದಲು ದೊಡ್ಡಕ್ಷರದ ಎಸ್ ಕೊಡಿ, ಎಷ್ಟು ಹೊತ್ತು ಸುಮ್ಮನಿದ್ದರೆ ನಿಲ್ಲಬೇಕು ಅನ್ನುವುದು ಅದರ ಸಂಖ್ಯೆ. ಇದರ ಲೆಕ್ಕ ವಿಚಿತ್ರ. 240ರವರೆಗೆ ಒಂದಕ್ಕೆ 5 ಸೆಕೆಂಡ್, 120 ಅಂದರೆ 10 ನಿಮಿಷ, 240ಕ್ಕೆ 20. ಆದರೆ 241 ಕೊಟ್ಟರೆ ಒಮ್ಮೆಲೇ ಅರ್ಧ ಗಂಟೆ, 242ಕ್ಕೆ ಒಂದು ಗಂಟೆ. ಎರಡು ನಿಮಿಷದಂಥ ಸಣ್ಣ ಅವಧಿ ಬೇಡ. ನಿಂತು ತಿರುಗಿ ಎದ್ದೇಳುವುದೂ ಸವೆತವೇ.

ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕ್ ಮಾತು ಕೇಳದಿದ್ದರೆ ಫೈಲಿನ ತಪ್ಪು ಹುಡುಕುತ್ತಾ ಕೂರಬೇಡಿ. ಕೆಲವು ಡಬ್ಬಿಗಳ ಚಿಪ್ ಈ ಆಜ್ಞೆಯನ್ನು ಮುಂದಕ್ಕೆ ದಾಟಿಸುವುದೇ ಇಲ್ಲ.

ಪರೀಕ್ಷೆಗೆ ಬರೀ ರೀಸ್ಟಾರ್ಟ್ ಸಾಲದು, ಅದರಲ್ಲಿ ಡಿಸ್ಕಿಗೆ ಕರೆಂಟ್ ತಪ್ಪದೆಯೂ ಇರಬಹುದು. ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿ, ಸಂಖ್ಯೆ ಕೊಡದೆ ದೊಡ್ಡಕ್ಷರದ ಬಿ ಓಡಿಸಿ. 254 ಬಂತೇ? ಈಗ ಸಸ್ಪೆಂಡ್ ಮಾಡಿ ಎಬ್ಬಿಸಿ ಮತ್ತೊಮ್ಮೆ ಕೇಳಿ. ಗಂಟೆ ಬಿಟ್ಟು 193 ನಂಬರಿನ ಸಾಲನ್ನು, ಆಗಲೇ ಬರೆದಿಟ್ಟಿರಲ್ಲ, ಅದರ ಪಕ್ಕ ಇಟ್ಟು ನೋಡಿ.